ತೂಕದ ಕಾಲಂ

ಶಿಡ್ಲಘಟ್ಟದ ತಾಲ್ಲೂಕು ಕಚೇರಿ ಎದುರು
ಜೆರಾಕ್ಸ್ ಅಂಗಡಿಯಲ್ಲಿ ನನ್ನ ಕೆಲಸ.
ಚರಕ ನಿಲ್ಲಿಸಿದ ಶಫೀವುಲ್ಲಾ ಸಾಬರು
ರದ್ದಿಗೆಂದು ತಂದು ಹಾಕಿದ ಕಟ್ಟಿನಲ್ಲಿ
ಹನ್ನೊಂದು ವರ್ಷ ಹಳೆಯ ಡೈರಿಗಳು, ಯಾರೂ ಮುಟ್ಟದವು,
ರಟ್ಟಿನ ಮೇಲೆ ಬಂಗಾರದ ಅಕ್ಷರ: ನೂರ್ ರೀಲರ್ಸ್.

ತೆರೆದೆ. ಜನವರಿ ಒಂದು, ಗುರುವಾರ.
ಗೋಡೆಯ ಹೊಸ ಕ್ಯಾಲೆಂಡರು ನೋಡಿದೆ.
ಜನವರಿ ಒಂದು, ಗುರುವಾರ.
ಡಿಸೆಂಬರಿನ ತುದಿಯವರೆಗೂ
ವಾರಕ್ಕೆ ವಾರ ಕೂಡಿಬಂತು.
ಹಬ್ಬ ಮಾತ್ರ ಕೂಡಲಿಲ್ಲ;
ಯುಗಾದಿಯನ್ನು ಎರಡು ದಿನ ಹಿಂದಕ್ಕೆ ತಳ್ಳಿ
ವೈಟ್ನರ್ ಬಳಿದೆ.

ಪುಟಕ್ಕೆ ಮೂರು ಕಾಲಂ ಅಚ್ಚಾಗಿದ್ದವು:
ಲಾಟು. ತೂಕ. ದರ.
ಗೂಡು ಕೊಳ್ಳುವವರಿಗೆ ಸರಿ. ನನಗೆ?
ಲಾಟಿನಲ್ಲಿ ಬರೆದೆ: ಹಾಲು, ಸ್ಕೂಲ್ ವ್ಯಾನು, ಅತ್ತೆಯ ಬಿಪಿ ಮಾತ್ರೆ.
ದರದಲ್ಲಿ ದರ.
ತೂಕ ಒಂದು ವಾರ ಖಾಲಿಯೇ ಇತ್ತು.

ಅಷ್ಟರಲ್ಲಿ ಡೈರಿಯನ್ನು ನನ್ನದು ಮಾಡಿಕೊಂಡೆ.
ಬೆನ್ನು ಕತ್ತರಿಸಿ ಸ್ಪೈರಲ್ ಹಾಕಿದೆ,
ಅದರ ಮೂವತ್ತು ರೂಪಾಯಿ ಗಲ್ಲಾಕ್ಕೆ ಹಾಕಿ
ಮೊದಲನೇ ಲಾಟಾಗಿ ಬರೆದೆ.
ಯಾರದೋ ಮದುವೆ ಕಾರ್ಡು ಮಡಚಿ ಹಿಂದಿನ ರಟ್ಟಿಗೆ ಅಂಟಿಸಿದರೆ
ರಸೀದಿಗೊಂದು ಜೇಬು.
ಕಟ್ಟಬೇಕಾದ ದಿನಕ್ಕೆ ಹಣೆಗಿಡುವ ಕೆಂಪು ಬೊಟ್ಟು,
ಕಟ್ಟಿದ ಮೇಲೆ ಅದರ ನೆತ್ತಿಗೆ ಹಸಿರು.
ಚೀಟಿ ಐದಕ್ಕೆ, ಬಾಡಿಗೆ ಹತ್ತಕ್ಕೆ ಸುಮ್ಮನೆ ಕೂತವು.
ಫೋನಿನ ರೀಚಾರ್ಜು ಕೂರಲಿಲ್ಲ.
ಅವರಿಗೆ ತಿಂಗಳೆಂದರೆ ಇಪ್ಪತ್ತೆಂಟು ದಿನ.
ಅಂಟಿಸುತ್ತ ಹೋದರೆ ವರ್ಷಕ್ಕೆ ಹದಿಮೂರು ಬೊಟ್ಟು!
ಇಷ್ಟು ಕಾಲ ಆ ಹದಿಮೂರನೆಯದನ್ನು
ಯಾವ ಸಾರಿನ ಬೇಳೆ ತೆಗೆದು ಕಟ್ಟಿದೆನೋ.

"ಲೆಕ್ಕ ರಾಸ್ತೇ ದುಡ್ಲು ಪೆರುಗುತಾಯಾ?"
ಅತ್ತೆ ಕೇಳಿದರು, ನೆನೆದ ಅವರೆ ಹಿತುಕುತ್ತ.
ಬರೆದರೆ ಬೆಳೆಯಲ್ಲ ಅತ್ತೆ,
ಎಲ್ಲಿ ಸೋರಿತು ಅಂತ ಗೊತ್ತಾಗುತ್ತೆ.
ಸೋರಿದ ಮೇಲೆ ಗೊತ್ತಾಗಿ ಏನು, ಅಂದಹಾಗೆ
ಬೇಳೆಯೊಂದು ಪುಳಕ್ಕನೆ ಬಟ್ಟಲಿಗೆ ಹಾರಿತು.

ಎಂಟನೇ ದಿನ ಬಸ್ ಸ್ಟ್ಯಾಂಡಿನ ಬೇಕರಿಯಲ್ಲಿ
ಒಬ್ಬಳೇ ನಿಂತು ದಿಲ್‌ಪಸಂದ್ ತಿಂದೆ.
ಇಪ್ಪತ್ತೈದು ರೂಪಾಯಿ, ಎಂದು
ಫೋನ್‌ಪೇ ಪೆಟ್ಟಿಗೆ ಊರಿಗೇ ಕೂಗಿ ಹೇಳಿತು.
ನಾನು ಮನೆಯಲ್ಲಿ ಹೇಳಲಿಲ್ಲ.
ರಾತ್ರಿ ದರ ಬರೆದ ಪೆನ್ನು ಪಕ್ಕಕ್ಕೆ ಸರಿದು
ತೂಕದಲ್ಲಿ ಬರೆಯಿತು:
ಒಂದು ಮಣ.

ಆಮೇಲೆ ಎಲ್ಲವನ್ನೂ ತೂಗಿದೆ.
ಗ್ಯಾಸು, ಒಂಬೈನೂರ ಚಿಲ್ಲರೆ, ತೂಕವೇ ಇಲ್ಲ.
ಮಗಳ ಜಿಯೋಮೆಟ್ರಿ ಬಾಕ್ಸು, ಹೂವಿನಷ್ಟು.
ತಂಗಿಗೆ ಕೈಸಾಲ ಎರಡು ಸಾವಿರ,
ಕೊಟ್ಟ ದಿನ ಗುಲಗಂಜಿ;
ಅವಳ ಕಿವಿಯಲ್ಲಿ ಹೊಸ ಓಲೆ ಕಂಡ ಸಂಜೆ
ಪುಟ ಹಿಂದಕ್ಕೆ ತಿರುಗಿಸಿ ತಿದ್ದಿದೆ, ಎರಡು ಸೇರು.
ಮುಟ್ಟಿ ನೋಡಿ ಬಿಟ್ಟು ಬಂದ ನೀಲಿ ಸೀರೆ
ಲಾಟೂ ಅಲ್ಲ, ಅದಕ್ಕೆ ದರವೂ ಇಲ್ಲ.
ತೂಕ ಇತ್ತು. ಬರೆದೆ.

ಮಾರ್ಚಿನಲ್ಲಿ ಸಾಬರು ಆಧಾರ್ ಕಾಪಿಗೆ ಬಂದರು.
ಕೌಂಟರಿನ ಮೇಲೆ ತಮ್ಮ ರೀಲಿಂಗಿನ ಹೆಸರು ಕಂಡು
ಕನ್ನಡಕ ಏರಿಸಿ ಪುಟ ತಿರುವಿದರು,
ಜಾಲರಿಯಲ್ಲಿ ಗೂಡು ಕೆದಕುತ್ತಿದ್ದ ಅದೇ ಬೆರಳಲ್ಲಿ.
"ಈ ಲಾಟು ಜಾಸ್ತಿ ತೂಗಿದ್ದೀಯಮ್ಮ,"
ದಿಲ್‌ಪಸಂದಿನ ಮೇಲೆ ಉಗುರಿಟ್ಟರು.
"ಹಸಿ ಗೂಡು ಯಾವತ್ತೂ ಭಾರ.
ನಾಲ್ಕು ದಿನ ಒಣಗಲಿ, ಆಮೇಲೆ ತಕ್ಕಡಿಗೆ ಹಾಕು."
ಬೇಡವೆಂದರೂ ಎರಡು ರೂಪಾಯಿ ಇಟ್ಟು ಹೋದರು.

ಈಗ ತೂಕವನ್ನು ಭಾನುವಾರ ಬರೆಯುತ್ತೇನೆ.
ಮಣ ಇಳಿದು ಅಚ್ಚೇರಿಗೆ ಬಂದಿದೆ.
ನೀಲಿ ಸೀರೆ ಮಾತ್ರ ಇನ್ನೂ ಒಣಗಿಲ್ಲ.

ಇದೇ ವಾರಗಳು ಮತ್ತೆ ಕೂಡಿಬರುವುದು
ಮೂವತ್ತೇಳನೇ ಇಸವಿಗೆ, ಎಣಿಸಿ ನೋಡಿದ್ದೇನೆ.
ಖಾಲಿ ಡೈರಿ ಇನ್ನೊಂದನ್ನು
ಅಕ್ಕಿ ಡಬ್ಬದ ಹಿಂದೆ ತೆಗೆದಿಟ್ಟಿದ್ದೇನೆ.
ರದ್ದಿಗೆ ಹಾಕಿದ್ದರೆ ಆರು ರೂಪಾಯಿ ಬರುತ್ತಿತ್ತು.
ಅದನ್ನೂ ಬರೆದಿದ್ದೇನೆ.