ಪ್ರಶ್ನೆಚಿಹ್ನೆಗೆ ಮೊದಲು

ಅರಸೀಕೆರೆ ತಾಲ್ಲೂಕು ಕಚೇರಿಯ ಎದುರು
ನನ್ನ ಅಂಗಡಿ: ಜೆರಾಕ್ಸ್, ಡಿಟಿಪಿ, ಪಹಣಿ, ಲ್ಯಾಮಿನೇಷನ್.
ಸಂಜೆಯ ಪ್ಯಾಸೆಂಜರ್ ಕೂಗುವ ಹೊತ್ತಿಗೆ
ಅರ್ಧ ಷಟರ್ ಎಳೆದಿದ್ದೆ.
ಬಗ್ಗಿ ಒಳಬಂದರು ಒಬ್ಬ ಟೀಚರು,
ಪೆನ್‌ಡ್ರೈವನ್ನು ಕರವಸ್ತ್ರದ ತುದಿಗೆ
ಚಿಲ್ಲರೆ ಕಟ್ಟಿದ ಹಾಗೆ ಕಟ್ಟಿಕೊಂಡು.

ಬಾಣಾವರದ ಕಡೆಯ ಶಾಲೆ.
ಅದನ್ನು ಹೇಳಬಾರದಿತ್ತು, ಹೊಡೆದುಹಾಕಿ ಓದಿ.

"ಪಕ್ಕದಲ್ಲಿ ನನ್ನ ಹೆಸರು ಬರ್ತಿದೆ, ತೆಗೀಬೇಕು.
ಬರೆದದ್ದು ಇರಲಿ."

ತೆರೆದೆ. ಬಿಸಿಯೂಟದ ವರದಿ, ಹನ್ನೊಂದು ಪುಟ,
ಬಲದ ಅಂಚಿನುದ್ದಕ್ಕೂ ಟಿಪ್ಪಣಿಗಳ ಬಲೂನು.
ಹೆಡ್ಮಾಸ್ಟರರದು ನೀಲಿ, ಸಿಆರ್‌ಪಿಯವರದು ಹಸಿರು,
ಇವರದು ಒಂದೇ ಒಂದು, ಕುಂಕುಮದ ಬಣ್ಣದ್ದು, ಏಳನೇ ಪುಟದಲ್ಲಿ:
ಆ ದಿನ ಹಾಜರಿ ನಲವತ್ತಾರು.
ಮೊಟ್ಟೆ ಅರವತ್ತೊಂದು ಹೇಗಾಯಿತು ?
ಮೇಲೆ ಪೂರ್ತಿ ಹೆಸರು, ಇನಿಷಿಯಲ್ ಸಮೇತ,
ರಾತ್ರಿ ಹನ್ನೊಂದು ನಲವತ್ತು.
ಕೆಳಗೆ ನೀಲಿಯ ಉತ್ತರ:
ನೋಡಿಕೊಂಡು ಬರೆಯಿರಿ ಮೇಡಂ.

ನನ್ನ ಈ ಕಂಪ್ಯೂಟರು ಕೊಬ್ಬರಿ ಮಂಡಿಯದು,
ಮಂಡಿ ಮುಚ್ಚಿದಾಗ ಆರು ಸಾವಿರಕ್ಕೆ ತಂದೆ.
ಅಲ್ಲಿ ಲೆಕ್ಕ ಬರೆಯುತ್ತಿದ್ದ ಜಕಾವುಲ್ಲ ಸಾಹೇಬರ ಹೆಸರು
ಒಳಗೆ ಇನ್ನೂ ಕೂತಿದೆ.
ನಾನು ಯಾರ ಕರಡು ತಿದ್ದಿದರೂ
ತಿದ್ದಿದವರು ಜಕಾವುಲ್ಲ.
ಲಗ್ನಪತ್ರಿಕೆಯಲ್ಲಿ ತಿಥಿಯ ತಪ್ಪು ಹಿಡಿದವರು ಅವರು,
ವಕೀಲರ ನೋಟೀಸಿಗೆ ಪೂರ್ಣವಿರಾಮ ಇಟ್ಟವರು ಅವರು.
ಬದಲಾಯಿಸಲು ಮನಸ್ಸು ಬಂದಿಲ್ಲ.

ಒಂದು ಗಳಿಗೆ ಅನ್ನಿಸಿತು,
ಈ ಪ್ರಶ್ನೆಯನ್ನೂ ಅವರ ಖಾತೆಗೇ ಬರೆದುಬಿಡಲೇ?
ಕೈ ಬರಲಿಲ್ಲ.
ನಾಳೆ ಯಾರಾದರೂ, ಯಾರು ರೀ ಈ ಜಕಾವುಲ್ಲ,
ಶಾಲೆ ಮೊಟ್ಟೆಗೂ ಅವನಿಗೂ ಏನು,
ಎಂದು ಹುಡುಕಿಕೊಂಡು ಹೊರಟರೆ?
ಬಚ್ಚಿಡುವುದು ಬೇರೆ,
ಇನ್ನೊಬ್ಬರನ್ನು ಮುಂದೆ ನಿಲ್ಲಿಸುವುದು ಬೇರೆ.

ಮೆನುವಿನ ಆಳಕ್ಕಿಳಿದು
ಎಲ್ಲ ಗುರುತೂ ತೆಗೆ ಎಂದೆ.
ತೆಗೆಯಿತು. ಗಂಟೆಯೂ ಹೋಯಿತು.
ನೀಲಿ, ಹಸಿರು, ಕುಂಕುಮ,
ಎಲ್ಲರಿಗೂ ಈಗ ಒಂದೇ ಬಣ್ಣ, ಒಂದೇ ಹೆಸರು: ಆಥರ್.
ಆಥರ್ ಕೇಳುತ್ತಾನೆ, ಮೊಟ್ಟೆ ಹೇಗಾಯಿತು ?
ಆಥರನೇ ಗದರುತ್ತಾನೆ, ನೋಡಿಕೊಂಡು ಬರೆಯಿರಿ ಮೇಡಂ.
ಟೀಚರು ನಕ್ಕರು,
ಬಾಯಿಗೆ ಕರವಸ್ತ್ರ ಹಿಡಿದು.

"ಹೆಡ್ಮಾಸ್ಟರಿಗೆ ಹೇಗೂ ಗೊತ್ತಲ್ಲ ಮೇಡಂ, ನೀವೇ ಅಂತ?"
"ಅವರದಲ್ಲ ಭಯ.
ಮೊಟ್ಟೆ ಸಪ್ಲೈ ನಮ್ಮ ಭಾವನದು.
ಬ್ಲಾಕ್ ಆಫೀಸಲ್ಲಿ ಈ ಫೈಲು ಅವರ ಕಣ್ಣಿಗೆ ಬೀಳತ್ತೆ.
ಅವರ ಬಿಲ್ಲುಗಳನ್ನೂ
ರಾತ್ರಿ ನಾನೇ ಟೈಪ್ ಮಾಡಿಕೊಡೋದು."

ಆಗ ಕಂಡಿತು:
ಪ್ರಶ್ನೆಚಿಹ್ನೆಗೆ ಮೊದಲು ಒಂದು ಖಾಲಿ ಜಾಗ.
ಹನ್ನೊಂದು ಪುಟದಲ್ಲಿ ಹಾಗೆ ಬಿಟ್ಟವರು ಇವರೊಬ್ಬರೇ,
ಕೇಳುವ ಮೊದಲು ಒಮ್ಮೆ ಉಸಿರು ತೆಗೆದುಕೊಳ್ಳುವವರು.
"ಬಿಲ್ಲಿನಲ್ಲೂ ಹೀಗೇ ಬಿಡ್ತೀರಾ?"
"ಬಿಲ್ಲಿನಲ್ಲಿ ಪ್ರಶ್ನೆ ಎಲ್ಲಿರತ್ತೆ," ಎಂದರು.
ಆಮೇಲೆ ನಿಧಾನವಾಗಿ,
"ಮನೆಗೆ ಹಾಕೋ ಮೆಸೇಜಲ್ಲಿ ಇರತ್ತೆ."

ಬ್ಯಾಕ್‌ಸ್ಪೇಸ್ ಒತ್ತಿದೆ, ಒಂದೇ ಸಲ.
ಬಚ್ಚಿಟ್ಟೆ ಅಂತ ನಾನು ಮಾಡಿದ್ದು ಇಷ್ಟೇ.
ಹತ್ತು ರೂಪಾಯಿ ಕೊಟ್ಟು ಹೋದರು.

ಆ ಫೈಲು ಏನಾಯಿತೋ ತಿಳಿಯದು.
ಎರಡು ತಿಂಗಳ ಮೇಲೆ ಮತ್ತೆ ಬಂದರು,
ಹೊಸ ರೇಷನ್ ಕಾರ್ಡಿಗೆ, ಬೇರೆ ಮನೆಯ ವಿಳಾಸಕ್ಕೆ.
ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.
ದಾರ ಕಟ್ಟಿದ ನನ್ನ ಪೆನ್ನಿನಲ್ಲಿ
ಅರ್ಜಿದಾರರ ಹೆಸರು ಎಂಬಲ್ಲಿ
ಒಂದೊಂದೇ ಅಕ್ಷರ ಬರೆದರು, ಒತ್ತಿ,
ಅಡಿಯ ಹಾಳೆಗೂ ಇಳಿಯುವ ಹಾಗೆ.

ಅವರು ಹೋದಮೇಲೆ ಆ ಅಡಿಯ ಹಾಳೆಯನ್ನು
ಟ್ಯೂಬ್‌ಲೈಟಿಗೆ ಹಿಡಿದು ನೋಡಿದೆ.
ಓದಲು ಬರುತ್ತಿತ್ತು.
ಮಷೀನಿಗೆ ಹಾಕಿ ಅದರ ಮೇಲೆ
ಇನ್ಯಾರದೋ ಆಧಾರ್ ಜೆರಾಕ್ಸ್ ತೆಗೆದೆ.