ಮೂರು ಸೆಕೆಂಡಿನ ಹಸಿರು

ಅದನ್ನು ಮಾಡಿದವಳು ನಾನೇ:
ಪರದೆಯ ಬಲಮೂಲೆಯಲ್ಲಿ ಜಾರಿ ಬರುವ ಹಸಿರು ಚೌಕ,
ದುಂಡನೆಯ ಅಂಚು, ತೆಳ್ಳಗೊಂದು ನೆರಳು,
'ಯಶಸ್ವಿಯಾಗಿದೆ!' ಎಂಬ ಬಿಳಿ ಅಕ್ಷರ.
ಮೂರು ಸೆಕೆಂಡು ನಿಂತು ಕರಗಬೇಕು.
ಕರಗುವ ಬಗೆಯೊಂದಕ್ಕೇ ಎರಡು ದಿನ ಕೂತಿದ್ದೆ.
ರೀಗಾದ ಕಚೇರಿಯಲ್ಲಿ ಎಲ್ಲರೂ ಬಗ್ಗಿ ನೋಡಿ
'ಬೆಣ್ಣೆ ಕಣೇ' ಅಂದಿದ್ದರು.

ಆಮೇಲೆ ಕುಲ್ದೀಗ ಪುರಸಭೆಯ ಸ್ಕೈದ್ರೀತೆಯ ಫೋನು:
'ಇಲ್ಲೊಬ್ಬರು ಒಂದೇ ಸಮಾಧಿಗೆ
ನಾಲ್ಕು ಸಲ ದುಡ್ಡು ಕಟ್ಟಿದ್ದಾರೆ.
ಹತ್ತು ಹತ್ತರಂತೆ ನಲವತ್ತು ವರ್ಷ.
ಅವರಿಗೀಗ ಎಪ್ಪತ್ತೊಂಬತ್ತು.'

ಬಸ್ಸು ಹಿಡಿದು ಹೋದೆ.
ಗ್ರಂಥಾಲಯದ ಕಂಪ್ಯೂಟರಿನೆದುರು ಏವಾಲ್ಡ್ಸ್.
ಬಣ್ಣ ತಿಳಿಯದವನೆಂದು ರೈಲ್ವೆಯವರು ಬೇಡವೆಂದ ಮೇಲೆ
ಬೆಂಕಿಕಡ್ಡಿ ಕಾರ್ಖಾನೆಯಲ್ಲಿ ಮೂವತ್ತೆರಡು ವರ್ಷ.
ಒಂದೇ ಬೆರಳಲ್ಲಿ ಒತ್ತುತ್ತಾರೆ,
ಒತ್ತುವಾಗ ಗುಂಡಿಯನ್ನೇ ನೋಡುತ್ತಾರೆ,
ಕನ್ನಡಕ ಸರಿಮಾಡಿ ತಲೆಯೆತ್ತುವಷ್ಟರಲ್ಲಿ
ನನ್ನ ಬೆಣ್ಣೆ ಕರಗಿರುತ್ತದೆ.

'ಒಂದು ಸಲ ಕಂಡೆ,' ಅಂದರು.
'ಕೆಂಪೋ ಹಸಿರೋ, ನನಗೆರಡೂ ಬೆಂದ ಸೊಪ್ಪಿನ ಬಣ್ಣ.
ಬೈಯಿತೋ ಹೊಗಳಿತೋ ತಿಳಿಯಲಿಲ್ಲ.
ಬೈದಿರಬೇಕು ಅಂದುಕೊಂಡು ಮತ್ತೆ ಕಟ್ಟಿದೆ.
ಏನಂತ ಬರೆದಿದ್ದೆ?'

ಹೇಳಿದೆ.
ಅವರು ಬಹಳ ಹೊತ್ತು ನಕ್ಕರು, ಸದ್ದಿಲ್ಲದೆ, ಭುಜದಲ್ಲಿ.
'ಆಸ್ನಾತೆ ಮಣ್ಣಿಗೆ ಹೋಗಿ ಹತ್ತು ವರ್ಷ.
ಇದರಲ್ಲಿ ಗೆದ್ದವರು ಯಾರು, ತಾಯಿ?'

ಸಂಜೆಯ ಬಸ್ಸಿಗೆ ಹೊತ್ತಿತ್ತು.
'ಬಾ, ಅವಳನ್ನೂ ನೋಡಿ ಹೋಗು' ಎಂದು
ಪೈನ್ ಮರಗಳ ಸ್ಮಶಾನಕ್ಕೆ ಕರೆದೊಯ್ದರು.
ಬಿಳಿ ಮರಳು. ಗೋಡೆಗೆ ಒರಗಿಸಿಟ್ಟ ಕುಂಟೆ.
ಕಲ್ಲಿನ ಬುಡದಿಂದ ಶುರುಮಾಡಿ
ಹಿಂದಕ್ಕೆ, ಹಿಂದಕ್ಕೆ ನಡೆಯುತ್ತ
ತಮ್ಮ ಹೆಜ್ಜೆಗಳನ್ನು ತಾವೇ ಗೀರಿ ಅಳಿಸುತ್ತ
ದಾರಿಗೆ ಬಂದು ನಿಂತರು.
ಅಲೆ ಅಲೆಯಾಗಿ ಗೆರೆ. ಯಾರೂ ಇರಲಿಲ್ಲವೆಂಬಂತೆ,
ಯಾರೋ ಈಗಷ್ಟೇ ಇದ್ದರೆಂಬಂತೆ.

'ಎಷ್ಟು ದಿನ ಇರುತ್ತೆ ಇದು?' ಕೇಳಿದೆ.
ಕಸುಬಿನ ಚಟ.
'ಮಳೆ ಬರೋ ತನಕ.
ಇಲ್ಲಾ, ನಾನು ಬರೋ ತನಕ.'

ಬಸ್ಸಿನಲ್ಲಿ ಮಡಿಲ ಮೇಲೆ ಲ್ಯಾಪ್‌ಟಾಪ್ ತೆರೆದೆ.
ಎರಡು ದಿನದ ಕರಗುವಿಕೆ
ಒಂದು ಸಾಲು ಅಳಿಸಿದರೆ ಹೋಯಿತು.
ಮೂಲೆಯಿಂದ ಚೌಕವನ್ನು ಎಳೆತಂದು
ಗುಂಡಿಯ ಕೆಳಗೇ ಕೂರಿಸಿದೆ, ಕಣ್ಣು ಇರುವಲ್ಲಿ.
ಎಡಕ್ಕೊಂದು ದಪ್ಪ ಗೀಟು. ಬಣ್ಣ ಮರಳಿನದು.
ಆಶ್ಚರ್ಯಚಿಹ್ನೆ ತೆಗೆದೆ.
'ದುಡ್ಡು ತಲುಪಿದೆ. ಹತ್ತು ವರ್ಷಕ್ಕೆ. ಮತ್ತೆ ಕಟ್ಟಬೇಕಿಲ್ಲ.'

ಕೆಂಪು ಚೌಕವೂ ಒಂದಿತ್ತು, 'ತಪ್ಪು' ಎನ್ನುತ್ತಿತ್ತು.
ಯಾರ ತಪ್ಪೆಂದು ಇಷ್ಟು ದಿನ
ನಾನೂ ಕೇಳಿರಲಿಲ್ಲ, ಅದೂ ಹೇಳಿರಲಿಲ್ಲ.
'ಕಾರ್ಡಿನ ಸಂಖ್ಯೆಯಲ್ಲಿ ಒಂದಂಕಿ ಕಡಿಮೆಯಿದೆ'
ಎಂದಷ್ಟೇ ಬರೆದೆ. ಬೈಗುಳ ಹೋಗಿ
ಪಕ್ಕದಲ್ಲಿ ಕೂತವರ ದನಿ ಬಂತು.

ಮರುದಿನ ನಮ್ಮ ಇಂದುಲಿಸ್ ನೋಡಿ,
'ಸಪ್ಪೆ ಆಯ್ತಲ್ಲ' ಅಂದ.
ಆಯ್ತು, ಅಂದೆ.

ಮೂರು ವಾರ ಬಿಟ್ಟು ಸ್ಕೈದ್ರೀತೆಯ ಪತ್ರ:
ಹೆಚ್ಚು ಕಟ್ಟಿದ ಮೂವತ್ತು ವರ್ಷದಲ್ಲಿ
ಇಪ್ಪತ್ತರ ದುಡ್ಡು ವಾಪಸು ಪಡೆದರಂತೆ.
ಉಳಿದ ಹತ್ತು, ಪಕ್ಕದ ಜಾಗಕ್ಕಿರಲಿ ಅಂದರಂತೆ.
ಅರ್ಜಿಯನ್ನು ತಾವೇ ತುಂಬಿದರಂತೆ, ಒಂದೇ ಬೆರಳಲ್ಲಿ.
ಒತ್ತಿ, ತಲೆಯೆತ್ತಿ,
ಪರದೆಯ ಮೇಲೆ ಬಂದದ್ದನ್ನು ಎರಡು ಸಲ ಓದಿ,
ಅದು ಇನ್ನೂ ಅಲ್ಲೇ ಇರುವುದನ್ನು ನೋಡಿ,
ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿ,
ಆಮೇಲೆ ತಾವೇ ಮುಚ್ಚಿದರಂತೆ.