ಹುರುಳಿಯ ಮೇಲೆ ಹನ್ನೊಂದು ಸೈಕಲ್ಲು

ನಾನು ಕೊನೆಯವನು.
ಪಂಪು, ಪ್ಯಾಚು, ಸೊಲ್ಯೂಷನ್ ಟ್ಯೂಬು,
ಕತ್ತಿಗೆ ತೂಗುಬಿದ್ದ ಒಂದು ಸೀಟಿ.
ನನ್ನ ಹಿಂದೆ ಯಾರೂ ಉಳಿಯಕೂಡದು,
ಇಷ್ಟೇ ನನ್ನ ನೌಕರಿ.
ಏಳು ದಿನದಿಂದ ದಕ್ಷಿಣವೆಂದರೆ ನನಗೆ
ಹತ್ತು ಜನರ ಬೆನ್ನು.

ಬಾಗೇಪಲ್ಲಿಯ ಛತ್ರದಲ್ಲಿ ನಾಲ್ಕೂವರೆಗೆ ಎದ್ದು
ಬಕೆಟ್ಟಿಗೆ ಬೆರಳದ್ದಿ, ಬೆಚ್ಚಿ,
ಮುಖಕ್ಕೆ ಮಾತ್ರ ನ್ಯಾಯ ಮಾಡಿ ಹೊರಟೆವು.
ಧನುರ್ಮಾಸದ ಚಳಿ. ಎಲ್ಲರಿಗಿಂತ ಮುಂದೆ ಅಮುದವಲ್ಲಿಯ ದೀಪ,
ಅವಳ ಹಿಂದೆ ಮಿಣುಕುವ ಕೆಂಪು ಚುಕ್ಕೆಗಳು.
ಬಂಡೆಗಳಿಗಿನ್ನೂ ಬೆಳಗಾಗಿರಲಿಲ್ಲ.

ಚೇಳೂರು ಬರುವ ಮೊದಲೇ ಜಾಲಿಮುಳ್ಳು,
ತಿಪ್ಪೇರುದ್ರನ ಹಿಂದಿನ ಚಕ್ರಕ್ಕೆ.
ಬ್ಯಾಂಕಿನ ಮ್ಯಾನೇಜರು, ‘ಅಯ್ಯೋ ಸಿವ್ನೇ’ ಅನ್ನದೆ
ಕೂರಲಾರ, ಕೂತರೆ ಏಳಲಾರ.
ಹೊಂಡದ ನೀರಿಗೆ ಟ್ಯೂಬು ಅದ್ದಿ
ಇಬ್ಬರೂ ಗುಳ್ಳೆಗೆ ಕಾದೆವು,
ಗಾಳಹಾಕಿ ಕೂತ ಹುಡುಗರ ಹಾಗೆ.

ಏರು ಬಂದರೆ ಮುಬೀನಾ ಟೀಚರು ಇಳಿದು ತಳ್ಳುತ್ತಾರೆ.
ನಿವೃತ್ತಿಯ ಮಾರನೇ ದಿನ ಸೈಕಲ್ ಕಲಿತವರು,
ಅವರಿಗೆ ನಾಚಿಕೆಯಿಲ್ಲ, ನನಗೂ ಅವಸರವಿಲ್ಲ.
ಅವರ ಜೊತೆ ನಡೆದರೆ
ಮೈಲಿಗಲ್ಲಿನ ಮೇಲೆ ಕೂತ ಓತಿಯನ್ನೂ ಮಾತಾಡಿಸಬಹುದು.

ಚಿಂತಾಮಣಿಯಲ್ಲಿ ಟೊಮೇಟೊ ಕ್ರೇಟುಗಳ ನೀಲಿ ಗೋಡೆ.
ಅದರ ನೆರಳಲ್ಲಿ ನಿಂತು ಇಡ್ಲಿ ತಿಂದೆವು.
ಎಷ್ಟೆಂದು ಹೋಟೆಲಿನವನೇ ಲೆಕ್ಕ ಬಿಟ್ಟ.

ಶ್ರೀನಿವಾಸಪುರದ ದಾರಿ, ಎರಡೂ ಕಡೆ ಮಾವಿನ ತೋಟ,
ನಡುವೆ ರಸ್ತೆಯಗಲಕ್ಕೂ ಹುರುಳಿ ಹರವಿದ್ದರು.
ಬಳ್ಳಿ, ಕಾಯಿ, ದಂಟು, ಧೂಳು.
ಮುಂದಿನವರು ಅಂಚು ಹಿಡಿದು ಜಾರಿಕೊಂಡರು.
ಚೈನಿಗೆ ಬಳ್ಳಿ ಸುತ್ತಿ
ಸಿಕ್ಕಿಬಿದ್ದವನು ಕೊನೆಯವನು.

ಮೊರ ಕೆಳಗಿಟ್ಟು ಎದ್ದಳು ಸೊಣ್ಣಮ್ಮ
(ಹೆಸರು ಆಮೇಲೆ ತಿಳಿದದ್ದು).
‘ಏಮಯ್ಯಾ, ಬೆಳಗಿಂದ ಒಂದು ಲಾರಿಯಿಲ್ಲ, ಒಂದು ಬಸ್ಸಿಲ್ಲ,
ಕಾದು ಕಾದು ಬಂದೋರು ನೀವಾ?
ಈ ಕಡ್ಡಿ ಚಕ್ರಕ್ಕೆ ಕಾಯಿ ಒಡೀತದಾ?
ಎತ್ಲಾಗೆ ಹೊಂಟ್ರಿ?’
ಕನ್ಯಾಕುಮಾರಿಗೆ.
‘ಯಾಕೆ?’

ಅದಕ್ಕೊಂದು ಉತ್ತರ ಇತ್ತು, ಬ್ಯಾನರಿನ ಮೇಲೆ ಅಚ್ಚಾಗಿತ್ತು.
ಬ್ಯಾನರು ವ್ಯಾನಿನಲ್ಲಿತ್ತು, ವ್ಯಾನು ಮುಂದೆ ಹೋಗಿತ್ತು.
ಬಾಯಲ್ಲಿ ಹೇಳಿನೋಡಿದೆ:
ಹುರುಳಿರಲಿಲ್ಲ.
‘ಸುಮ್ನೆ ತಾನೇ? ಹಂಗಾರೆ ಇಲ್ಲೇ
ಸುಮ್ನೆ ನಾಕು ಸುತ್ತು ಹೊಡೀರಿ.’

ಮೂರು ಸೀಟಿ ಊದಿದೆ.
ಹತ್ತು ಬೆನ್ನುಗಳು ತಿರುಗಿದವು.
ಎಲ್ಲರ ಮುಖ ಒಟ್ಟಿಗೆ ಕಂಡದ್ದು ಆಗಲೇ.
ತಿಪ್ಪೇರುದ್ರನಿಗೆ ಮೀಸೆ ಬೆಳೆದಿತ್ತು.

ಹುಣಸೆಮರದವರೆಗೆ ಹೋಗಿ, ತಿರುಗಿ,
ಮೋರಿಯವರೆಗೆ ಬಂದು, ಮತ್ತೆ ತಿರುಗಿ
ಚರಪರ, ಚರಪರ,
ಎರಡು ಸುತ್ತಿಗೊಮ್ಮೆ ಇಳಿದು ಚೈನಿನ ಬಳ್ಳಿ ಕಿತ್ತು.
ಟೀಚರಿಗೆ ಇಲ್ಲಿ ಏರೇ ಇಲ್ಲ, ಹಾರಿಕೊಂಡು ಹೋಗುತ್ತಿದ್ದರು.
ಒಮ್ಮೆ ಹಿಂದಿನಿಂದ ಬೆಲ್ಲಿನ ಸದ್ದು, ‘ದಾರಿ ಬಿಡಿ ಸಾರ್’.
ತಿರುಗಿ ನೋಡಿದರೆ ಅಮುದವಲ್ಲಿ.

ಒಂದು ಗಂಟೆ ತುಳಿದೆವು.
ಒಂದು ಸೇರು ಉದುರಿತೋ ಏನೋ, ಅದೂ ಅನುಮಾನ.
ಆಗ ಬಂತು ಹಾಲಿನ ಟ್ಯಾಂಕರು,
ಗಡಗಡ ಒಂದೇ ಸಲ ಹಾದು
ನಮ್ಮ ಹನ್ನೊಂದು ಜನದ ಕೆಲಸ ಮುಗಿಸಿ
ಹಾರ್ನ್ ಕೂಡ ಮಾಡದೆ ಹೋಯಿತು.
ಸೊಣ್ಣಮ್ಮ ಸೆರಗು ಬಾಯಿಗಿಟ್ಟು
ನಗುತ್ತ ನಗುತ್ತ ಕೆಮ್ಮಿದಳು.
ಬೇಡವೆಂದರೂ ಎಲ್ಲರ ಬಾಟಲಿಗೆ
ಉಪ್ಪುಮಜ್ಜಿಗೆ ಸುರಿದಳು, ನಿಂಬೆಹಣ್ಣಿನ ನಮ್ಮ ನೀರು
ಚೆಲ್ಲಿಸಿ.

ಮುಳಬಾಗಿಲು ಮುಟ್ಟುವಾಗ ಕತ್ತಲು.
ಮೀಟರು ನಾಲ್ಕು ಕಿಲೋಮೀಟರು ಹೆಚ್ಚು ತೋರಿಸಿತು.
ಎಲ್ಲಿಂದ, ಎಲ್ಲಿಗೆ? ಡೈರಿಯ ಎರಡೂ ಕಾಲಮಿನಲ್ಲಿ
ಹುಣಸೆಮರ ಎಂದು ಬರೆದೆ.
ಶಾಲೆಯ ಜಗಲಿಯಲ್ಲಿ ಎಲ್ಲರೂ ಮಗ್ಗುಲಾಗಿದ್ದಾರೆ,
ಮತ್ತದೇ ಬೆನ್ನು.
ಚೈನಿಗೆ ಎಣ್ಣೆ ಬಿಡಲು ಕೂತರೆ
ಹಲ್ಲುಚಕ್ರದ ಸಂದಿಯಲ್ಲಿ ಒಂದು ತುಂಡು ಬಳ್ಳಿ,
ಬಳ್ಳಿಯಲ್ಲಿ ಒಂದು ಕಾಯಿ, ಇಡಿಯಾದದ್ದು.
ನಲವತ್ತು ಮೈಲಿ ತುಳಿದರೂ ಜಗ್ಗದೆ ಬಂದಿದೆ.
ಹೆಬ್ಬೆರಳಿನಿಂದ ಒತ್ತಿದೆ.
ಪಟ್.